ತಮ್ಮ ಡ್ರಾಯಿಂಗ್‌ನಲ್ಲಿ ಫೇಲಾಗಿದ್ದಾನೆ, ಮೆಕ್ಯಾನಿಕಲ್ ಡಿಪ್ಲೊಮಾ ಬಿಟ್ಟು ಗ್ಯಾರೇಜಿಗೆ ಹೋಗ್ತೀನಿ ಅಂತಾನೆ

ಲಕ್ಕುಂಡಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮೂರು ಲಕ್ಕುಂಡಿ, ಗದಗದಿಂದ 12 ಕಿ.ಮೀ. ನನ್ನ ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದ್ದಾನೆ. ಮೊನ್ನೆ ಮೊದಲ ಸೆಮಿಸ್ಟರ್ ರಿಸಲ್ಟ್ ಬಂತು. ಗಣಿತವೂ ಹೋಗಿದೆ, ಡ್ರಾಯಿಂಗೂ ಹೋಗಿದೆ.

ರಿಸಲ್ಟ್ ಬಂದ ದಿನ ಅವನು ಊಟ ಮಾಡಲಿಲ್ಲ. ಮರುದಿನ ಮಿನಿ ಡ್ರಾಫ್ಟರ್, ಶೀಟು, ಪೆನ್ಸಿಲು ಎಲ್ಲಾ ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲೆ ಇಟ್ಟ. ಬೆಟಗೇರಿಯಲ್ಲಿ ಬೈಕ್ ಗ್ಯಾರೇಜ್ ಇಟ್ಟವರೊಬ್ಬರು ದಿನಕ್ಕೆ 300 ರೂಪಾಯಿ ಕೊಡ್ತೀನಿ ಬಾ ಅಂದಿದ್ದಾರಂತೆ. ಅಲ್ಲಿಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ.

ಹುಡುಗ ದಡ್ಡನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 74 ಪರ್ಸೆಂಟ್ ತೆಗೆದಿದ್ದ, ಪೂರ್ತಿ ಕನ್ನಡ ಮಾಧ್ಯಮ. ಬೆಳಗ್ಗೆ ಐದಕ್ಕೆ ಏಳುತ್ತಾನೆ. ಲಕ್ಕುಂಡಿಯಿಂದ ಗದಗ, ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಮತ್ತೆ ಸಿಟಿ ಬಸ್ಸು. ಮನೆಗೆ ಬರುವಾಗ ರಾತ್ರಿ ಎಂಟು. ಶೀಟ್ ಮುಂದೆ ಕೂತರೆ ತೂಕಡಿಕೆ. ಒಂದು ಸಲ ಕ್ಲಾಸಿನಲ್ಲಿ ಡೌಟ್ ಕೇಳಿದ್ದಕ್ಕೆ "ಇಷ್ಟೂ ಗೊತ್ತಿಲ್ವಾ" ಅಂದರಂತೆ. ಆಮೇಲೆ ಅವನು ಬಾಯಿ ಬಿಡಲೇ ಇಲ್ಲ.

ಅಪ್ಪನಿಗೆ ಮೂರು ಎಕರೆ ಹೊಲ. ನಾನು ಪಿಯುಸಿವರೆಗೆ ಓದಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅವನ ಫೀಸು ಕಟ್ಟಿದ್ದು ನಾನೇ. ದುಡ್ಡಿನ ಮಾತು ಬಿಡಿ. ಅವನಿಗೆ ಇದು ಆಗದ ವಿದ್ಯೆಯೋ, ಅಥವಾ ಯಾರೂ ಸರಿಯಾಗಿ ತೋರಿಸಿಕೊಟ್ಟಿಲ್ಲವೋ? ಇದನ್ನು ಗೊತ್ತುಮಾಡಿಕೊಳ್ಳುವುದು ಹೇಗೆ? ಐಟಿಐಗೆ ಹಾಕಬೇಕಿತ್ತಾ? ಬಲ್ಲವರು ಹೇಳಿ.

ಬೇಲೂರು ಶಿಫ್ಟ್

ಅಕ್ಕಾ, ಒಂದು ಮಾತು ಕೇಳ್ತೀನಿ. ವರ್ಕ್‌ಶಾಪ್‌ನಲ್ಲಿ ಹೇಗಿದ್ದಾನೆ? ಫಿಟ್ಟಿಂಗ್ ಮಾಡಿಸಿರಬೇಕಲ್ವಾ? ಥಿಯರಿ ಮಾರ್ಕ್ಸ್ ಪಕ್ಕಕ್ಕಿಡಿ.

ಲಕ್ಕುಂಡಿ ಅಕ್ಕ

ಕೇಳಿದೆ ಅಣ್ಣಾ. ಎರಡು ಕಬ್ಬಿಣದ ತುಂಡು ಕೊಟ್ಟು ವಿ ಆಕಾರದಲ್ಲಿ ಒಂದರೊಳಗೆ ಒಂದು ಕೂರುವ ಹಾಗೆ ಉಜ್ಜಿಸಿದ್ದರಂತೆ. ಇವನದ್ದನ್ನು ಕಿಟಕಿ ಕಡೆ ಹಿಡಿದು ನೋಡಿದರೆ ನಡುವೆ ಬೆಳಕೇ ಕಾಣಿಸಲಿಲ್ಲವಂತೆ. ಅಲ್ಲಿನ ಸರ್ ಅದನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ, ಮುಂದಿನ ಬ್ಯಾಚಿನವರಿಗೆ ತೋರಿಸಲಿಕ್ಕೆ. ಇಷ್ಟು ದಿನ ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

ಹಳೇ ಹುಬ್ಬಳ್ಳಿ ಮೇಷ್ಟ್ರು

ತಂಗಿ, ನಾನು ಪಾಲಿಟೆಕ್ನಿಕ್ ವರ್ಕ್‌ಶಾಪ್‌ನಲ್ಲಿ 31 ವರ್ಷ ಕಲಿಸಿ ರಿಟೈರ್ ಆದವನು. ವಿ ಫಿಟ್ಟಿಂಗ್‌ನಲ್ಲಿ ಬೆಳಕು ಕಾಣಿಸಲಿಲ್ಲ ಅಂದರೆ ಸಣ್ಣ ಮಾತಲ್ಲ. 60 ಹುಡುಗರ ಬ್ಯಾಚಿನಲ್ಲಿ ಅಂಥ ಜಾಬ್, ಅಂದರೆ ಹುಡುಗರು ಮಾಡಿದ ತುಂಡು, ನಾನು ನಾಲ್ಕೈದು ನೋಡುತ್ತಿದ್ದೆ. ಆ ಹುಡುಗನಿಗೆ ಕೈ ಇದೆ, ಕಣ್ಣೂ ಇದೆ. ಡ್ರಾಯಿಂಗ್‌ನಲ್ಲಿ ಫೇಲಾಗಿದ್ದಾನೆ ಅಂದರೆ ಯಾರೋ ಅವನಿಗೆ ಗೆರೆ ಎಳೆಯುವುದನ್ನು ಮಾತ್ರ ಕಲಿಸಿದ್ದಾರೆ, ನೋಡುವುದನ್ನು ಕಲಿಸಿಲ್ಲ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿಸು. ಮನೆಯಲ್ಲಿ ರಟ್ಟಿನ ಡಬ್ಬಿ ಇದ್ದರೆ ತೆಗೆದುಕೋ, ಚಪ್ಪಲಿ ಡಬ್ಬಿಯೂ ಆಗುತ್ತೆ. ಅದರ ಮುಂದಿನ ಗೋಡೆ, ಮೇಲಿನ ಮುಚ್ಚಳ, ಎಡಗಡೆ ಗೋಡೆ ಕತ್ತರಿಸಿ ತೆಗೆ. ಉಳಿಯುವುದು ಹಿಂದಿನ ಗೋಡೆ, ನೆಲ, ಬಲಗಡೆ ಗೋಡೆ. ಒಂದು ಬಟ್ಟೆ ಸೋಪನ್ನು ಚಾಕುವಿನಿಂದ ಎಲ್ ಆಕಾರಕ್ಕೆ ಕೊಯ್ದು ಡಬ್ಬಿಯ ನಡುವೆ ಇಡು.

ಈಗ ಅವನನ್ನು ಡಬ್ಬಿಯ ಮುಂದೆ ಕೂರಿಸು. ಮುಂದಿನಿಂದ ನೋಡಿದರೆ ಸೋಪಿನ ಆಕಾರ ಹಿಂದಿನ ಗೋಡೆ ಮೇಲೆ ಬೀಳುತ್ತೆ. ಮೇಲಿನಿಂದ ಬಗ್ಗಿ ನೋಡಿದರೆ ನೆಲದ ಮೇಲೆ. ಎಡಗಡೆಯಿಂದ ನೋಡಿದರೆ ಬಲಗಡೆ ಗೋಡೆ ಮೇಲೆ. ದೀಪದ ನೆರಳು ದೂರ ಹೋದಂತೆ ದೊಡ್ಡದಾಗುತ್ತೆ, ಅದು ಬೇಡ. ಬಿಸಿಲಿನ ನೆರಳು ಅಂದುಕೊಳ್ಳಲಿ, ಇದ್ದಷ್ಟೇ ಅಳತೆ ಬೀಳುತ್ತೆ. ಆ ಮೂರೂ ಆಕಾರ ಪೆನ್ಸಿಲಿನಲ್ಲಿ ಆಯಾ ಗೋಡೆ ಮೇಲೆ ಬರೆಯಲಿ. ಆಮೇಲೆ ಸೋಪು ತೆಗೆದು, ಮೂಲೆ ಕೊಯ್ದು, ನೆಲವನ್ನು ಕೆಳಕ್ಕೆ ಬಿಚ್ಚು, ಬಲಗೋಡೆಯನ್ನು ಬಲಕ್ಕೆ ಬಿಚ್ಚು. ಡಬ್ಬಿ ಒಂದು ಹಾಳೆ ಆಯಿತಲ್ಲ? ಅದೇ ಡ್ರಾಯಿಂಗ್ ಶೀಟು.

ಮೇಲಿನ ನೋಟ ಯಾಕೆ ಕೆಳಗೆ ಬರೆಯಬೇಕು, ಎಡಗಡೆಯ ನೋಟ ಯಾಕೆ ಬಲಕ್ಕೆ ಬರುತ್ತೆ ಅಂತ ಹುಡುಗರು ಬಾಯಿಪಾಠ ಮಾಡ್ತಾರೆ. ಡಬ್ಬಿ ಬಿಚ್ಚಿದವನು ಬಾಯಿಪಾಠ ಮಾಡಬೇಕಿಲ್ಲ. ಇದಕ್ಕೇ ಫಸ್ಟ್ ಆ್ಯಂಗಲ್ ಅನ್ನುವುದು. ನಮ್ಮ ದೇಶದಲ್ಲಿ ಇದೇ ಪದ್ಧತಿ.

ಇದಾದ ಮೇಲೆ ಸೋಪಿಗೆ ಮೇಲಿನಿಂದ ಕೆಳಕ್ಕೆ ಒಂದು ತೂತು ಕೊರೆಯಿರಿ. ಮುಂದಿನಿಂದ ನೋಡಿದರೆ ಆ ತೂತು ಕಾಣಲ್ಲ, ಆದರೆ ಇದೆ. ಇದ್ದೂ ಕಾಣದ್ದನ್ನು ತುಂಡು ತುಂಡು ಗೆರೆಯಲ್ಲಿ ತೋರಿಸಬೇಕು. ಅಷ್ಟು ತಿಳಿದರೆ ಅರ್ಧ ಪೇಪರ್ ಮುಗಿಯಿತು.

ಹಾವೇರಿ ಹುಡುಗಿ

ಗುರುಗಳೇ, ನಾನು ನಾಲ್ಕನೇ ಸೆಮಿಸ್ಟರ್ ಮೆಕ್ಯಾನಿಕಲ್. ಈ ಡಬ್ಬಿ ನನಗೆ ಎರಡು ವರ್ಷ ಮೊದಲೇ ಸಿಗಬೇಕಿತ್ತು.

ನಮಗೆ 2020ರ ಸಿ-20 ಪಠ್ಯಕ್ರಮ. ಡ್ರಾಯಿಂಗ್ ಕಂಪ್ಯೂಟರಿನಲ್ಲೂ ಮಾಡಬೇಕು. ಗೆರೆ ನೀಟಾಗಿ ಬರುತ್ತೆ, ಅಳತೆ ತಾನಾಗೇ ಬರುತ್ತೆ, ಆದರೆ ತಲೆಯಲ್ಲಿ ಆಕಾರ ಮೂಡದಿದ್ದರೆ ಮೌಸ್ ಹಿಡಿದು ಸುಮ್ನೆ ಕೂರುವುದಷ್ಟೇ. ನಾನು ಈಗಲೂ ಮೊದಲು ಕೈಯಲ್ಲಿ ಸ್ಕೆಚ್ ಮಾಡಿಕೊಂಡೇ ಕಂಪ್ಯೂಟರ್ ಮುಟ್ಟುವುದು.

ಅಕ್ಕಾ, ನಿಮ್ಮ ತಮ್ಮನ ಹಾಗೆ ನಾನೂ ಕನ್ನಡ ಮಾಧ್ಯಮ. ದೇಶದ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇಯವರು ಮೊದಲ ವರ್ಷದ ಡಿಪ್ಲೊಮಾ ಪುಸ್ತಕಗಳನ್ನು ಕನ್ನಡದಲ್ಲೂ ಮಾಡಿಸಿ ಇ-ಕುಂಭ್ ತಾಣದಲ್ಲಿ ಪುಕ್ಕಟೆ ಇಟ್ಟಿದ್ದಾರೆ. ನಾನು ಒಂದು ಪ್ಯಾರಾ ಕನ್ನಡದಲ್ಲಿ ಓದಿ, ಅದೇ ಪ್ಯಾರಾ ಇಂಗ್ಲಿಷ್‌ನಲ್ಲಿ ಓದುತ್ತಿದ್ದೆ. "ಪ್ರತಿಬಲ" ಅಂದರೆ ಏನು ಅಂತ ಗೊತ್ತಾದ ಮೇಲೆ "ಸ್ಟ್ರೆಸ್" ಹೆದರಿಸಲಿಲ್ಲ. ಒಂದು ಸೆಮಿಸ್ಟರ್ ಕಷ್ಟ, ಆಮೇಲೆ ಪದಗಳು ತಿರುಗಿ ತಿರುಗಿ ಅವೇ ಬರುತ್ತವೆ.

ಇನ್ನೊಂದು. ಇದನ್ನು ಓದುವ ಹುಡುಗಿಯರಿದ್ದರೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್‌ಗೆ ಮೊದಲ ವರ್ಷದಲ್ಲೇ ಅರ್ಜಿ ಹಾಕಿ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ನಮ್ಮ ಕ್ಲಾಸಿನಲ್ಲಿ ನಾವು ಮೂರೇ ಹುಡುಗಿಯರು. ಲೇತ್ (ಕಬ್ಬಿಣದ ತುಂಡನ್ನು ತಿರುಗಿಸಿ ಕೊಯ್ಯುವ ಯಂತ್ರ) ಮುಂದೆ ಜಡೆಯನ್ನು ಟೋಪಿಯೊಳಗೆ ಸೇರಿಸಿ ನಿಲ್ಲುವುದು ಈಗ ರೂಢಿಯಾಗಿದೆ.

ಅಣ್ಣಿಗೇರಿ ಕುಲುಮೆ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಯಾರೂ ಬೇಜಾರಾಗಬೇಡಿ. ಗ್ಯಾರೇಜಿಗೆ ಹೋಗುವುದು ಕೆಟ್ಟದ್ದೇನಲ್ಲ. ನಮ್ಮದು ಕಮ್ಮಾರಿಕೆ ಮನೆತನ. ಕೂರಿಗೆ, ಕುಂಟಿ, ರಂಟೆ, ಟ್ರ್ಯಾಕ್ಟರ್ ಟ್ರೇಲರ್ ಎಲ್ಲಾ ಮಾಡ್ತೀವಿ. ನಾನು ಏಳನೇ ಕ್ಲಾಸು. ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದೇನೆ. ಡಿಪ್ಲೊಮಾ ಮುಗಿಸಿ ಬಂದ ಹುಡುಗನಿಗೆ ವೆಲ್ಡಿಂಗ್ ಹೋಲ್ಡರ್ ಹಿಡಿಯಲಿಕ್ಕೆ ಬರಲ್ಲ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಲಸ ಕಲಿಯಬೇಕು ಅಂದರೆ ಚಿಕ್ಕವನಿದ್ದಾಗಲೇ ಕಲಿಯಬೇಕು. ಮೂರು ವರ್ಷ ಬಸ್ಸಿನಲ್ಲಿ ಅಲೆದು ಕಾಗದ ತಂದರೆ ಏನು ಬಂತು?

ಬೇಲೂರು ಶಿಫ್ಟ್

ಅಣ್ಣಾ, ನಿಮ್ಮ ಕೆಲಸದ ಮೇಲೆ ನನಗೆ ಗೌರವವಿದೆ. ನಮ್ಮ ಮನೆಯ ಕೂರಿಗೆಯೂ ಅಂಥದ್ದೇ ಕುಲುಮೆಯಲ್ಲಿ ಆದದ್ದು. ಆದರೆ ಒಂದು ಕೇಳ್ತೀನಿ. ಕಡಲೆ ಬಿತ್ತುವ ಕೂರಿಗೆಗೆ ಸಾಲಿನಿಂದ ಸಾಲಿಗೆ 30 ಸೆಂ.ಮೀ. ಇಟ್ಟು ತಾಳು ಜೋಡಿಸುತ್ತೀರಿ. ಅರ್ಧ ಸೆಂ.ಮೀ. ಹೆಚ್ಚುಕಡಿಮೆ ಆದರೆ ಭೂಮಿ ಒಪ್ಪಿಕೊಳ್ಳುತ್ತೆ. ನಾನಿರುವ ಕಡೆ ಒಪ್ಪಿಕೊಳ್ಳಲ್ಲ.

ನಾನು 2016ರಲ್ಲಿ ಡಿಪ್ಲೊಮಾ ಮುಗಿಸಿದೆ. ಈಗ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಡೆ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನನ್ನ ಮೇಜಿನ ಮೇಲೆ ಬರುವ ಒಂದು ಭಾಗದಲ್ಲಿ 25 ಮಿ.ಮೀ. ತೂತು ಇದೆ. ಪಕ್ಕದಲ್ಲಿ ಎಚ್7 ಅಂತ ಬರೆದಿರುತ್ತೆ. ಅಂದರೆ ತೂತು 25.000ಕ್ಕಿಂತ ಕಡಿಮೆ ಇರಬಾರದು, 25.021ಕ್ಕಿಂತ ಜಾಸ್ತಿ ಇರಬಾರದು. ಒಂದು ಮಿ.ಮೀ.ಯನ್ನು ಸಾವಿರ ಪಾಲು ಮಾಡಿ ಅದರಲ್ಲಿ 21 ಪಾಲು, ಅಷ್ಟೇ ಜಾಗ. ಕಣ್ಣಂದಾಜಿಗೆ ಅದು ಸಿಗಲ್ಲ. ಆ ಎರಡಕ್ಷರ ಓದಲಿಕ್ಕೆ ಬಂದವನಿಗೆ ಮಾತ್ರ ಸಿಗುತ್ತೆ.

ನನ್ನ ಇಂಟರ್‌ವ್ಯೂ ಹೇಳ್ತೀನಿ ಕೇಳಿ. ಒಬ್ಬರು ಒಂದು ಪಿನ್ನು, ಒಂದು ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಮಾಪಕ) ಮುಂದಿಟ್ಟು "ಅಳೆದು ಹೇಳು" ಅಂದರು. ನಾನು ಪಿನ್ನು ಮುಟ್ಟಲಿಲ್ಲ. ಮೊದಲು ಮೈಕ್ರೋಮೀಟರಿನ ಎರಡು ಮುಖ ಬಟ್ಟೆಯಿಂದ ಒರೆಸಿ, ರ‍್ಯಾಚೆಟ್ ಹಿಡಿದು ಟಿಕ್ ಟಿಕ್ ಟಿಕ್ ಅಂತ ಮೂರು ಸದ್ದು ಬರುವವರೆಗೆ ಮುಚ್ಚಿ ಸೊನ್ನೆ ನೋಡಿದೆ. ಸೊನ್ನೆಯ ಬದಲು 0.02 ತೋರಿಸುತ್ತಿತ್ತು. ಆಮೇಲೆ ಪಿನ್ನು ಅಳೆದೆ. ಉದ್ದನೆಯ ಗೆರೆಯ ಮೇಲೆ 24.5, ಸುತ್ತುವ ಉಂಗುರದ ಮೇಲೆ 38, ಅಂದರೆ 0.38. ಒಟ್ಟು 24.88. ಸೊನ್ನೆಯ ತಪ್ಪು 0.02 ಕಳೆದು 24.86 ಅಂದೆ. ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಯಾವತ್ತಿಂದ ಬರ್ತೀಯಾ?" ಅಂದರು.

ಇದನ್ನು ನನಗೆ ಕಲಿಸಿದ್ದು ಎರಡನೇ ವರ್ಷದ ಲ್ಯಾಬು. ಅವತ್ತು ಅದು ಬೇಸರದ ಲ್ಯಾಬ್ ಅನ್ನಿಸಿತ್ತು. ಪ್ರಾಕ್ಟಿಕಲ್‌ನಲ್ಲಿ ರೀಡಿಂಗ್ ಪಕ್ಕದವನ ರೆಕಾರ್ಡ್ ನೋಡಿ ಬರೆದುಕೊಂಡವರು ಇಂಥ ಜಾಗದಲ್ಲಿ ಸಿಕ್ಕಿಬೀಳುತ್ತಾರೆ.

ಇನ್ನು ತಪ್ಪಿನ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರದೇಶದ ಒಂದು ಡ್ರಾಯಿಂಗ್ ಬಂತು. ಮೂಲೆಯಲ್ಲಿ ಕತ್ತರಿಸಿದ ಶಂಕುವಿನ ಚಿಹ್ನೆ ಇರುತ್ತಲ್ಲ, ಅದನ್ನು ನಾನು ನೋಡಲಿಲ್ಲ. ಅದು ಥರ್ಡ್ ಆ್ಯಂಗಲ್. ಅಲ್ಲಿ ಎಡಗಡೆಯ ನೋಟ ಎಡಕ್ಕೇ ಬರುತ್ತೆ, ಮೇಲಿನ ನೋಟ ಮೇಲೇ ಬರುತ್ತೆ. ನಾನು ಫಸ್ಟ್ ಆ್ಯಂಗಲ್ ಅಂತ ಓದಿ ಓಕೆ ಕೊಟ್ಟೆ. ಪಕ್ಕದ ತೂತು ಆಚೆ ಬದಿಗೆ ಬಿತ್ತು. 12 ಪೀಸ್ ಸ್ಕ್ರ್ಯಾಪ್. ಆ ವಾರ ನಿದ್ದೆ ಬರಲಿಲ್ಲ. ಅಂದಿನಿಂದ ಯಾವ ಡ್ರಾಯಿಂಗ್ ಬಂದರೂ ಮೊದಲು ಆ ಮೂಲೆ ನೋಡ್ತೀನಿ. ಡ್ರಾಯಿಂಗ್ ಫೇಲಾಯಿತು ಅಂತ ಬಿಡುವ ಹುಡುಗನಿಗೆ ಇದನ್ನು ಹೇಳಿ ಅಕ್ಕಾ. ಪಾಸಾದ ನಾನೂ ಆಮೇಲೆ ಮತ್ತೆ ಕಲಿಯಬೇಕಾಯಿತು.

ಅಣ್ಣಿಗೇರಿ ಕುಲುಮೆ

ತಮ್ಮಾ, ಸಾವಿರ ಪಾಲಿನಲ್ಲಿ 21 ಪಾಲು ಅಂದದ್ದು ತಲೆಗೆ ಹೋಯಿತು. ಒಪ್ಪಿದೆ. ಟ್ರೇಲರ್ ಹಬ್ಬಿಗೆ ಬೇರಿಂಗ್ ಕೂರಿಸಬೇಕಾದರೆ ನಾನೂ ಹುಬ್ಬಳ್ಳಿಗೇ ಒಯ್ದು ಬೋರ್ ಹೊಡೆಸಿಕೊಂಡು ಬರುವುದು. ಆದರೆ ಡಿಪ್ಲೊಮಾ ಹುಡುಗರಿಗೆ ಕೈಕೆಲಸ ಕಡಿಮೆ ಅನ್ನುವ ಮಾತು ನಾನು ಹಿಂದಕ್ಕೆ ತೆಗೆದುಕೊಳ್ಳಲ್ಲ.

ಹಳೇ ಹುಬ್ಬಳ್ಳಿ ಮೇಷ್ಟ್ರು

ತೆಗೆದುಕೊಳ್ಳಬೇಡಿ, ನೀವು ಹೇಳಿದ್ದು ನಿಜ. ನಾವು ಕಲಿಯುವಾಗ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಮೇಲೆ ವಾರಕ್ಕೆ ಮೂರು ದಿನ ನಿಲ್ಲುತ್ತಿದ್ದೆವು. ಎಣ್ಣೆ ಹಾಕುವುದರಿಂದ ಹಿಡಿದು ಚೂರು ಗುಡಿಸುವವರೆಗೆ ನಮ್ಮದೇ. ಈಗ ಒಂದು ಮಷೀನಿಗೆ ಐದಾರು ಹುಡುಗರು, ಒಬ್ಬ ಮಾಡುತ್ತಾನೆ, ಉಳಿದವರು ನೋಡುತ್ತಾರೆ. ಅದಕ್ಕೇ ನಾನು ಹುಡುಗರಿಗೆ ಹೇಳುತ್ತಿದ್ದೆ: ಆ ಒಬ್ಬ ನೀನಾಗು. ಲ್ಯಾಬಿಗೆ ಹತ್ತು ನಿಮಿಷ ಮೊದಲೇ ಹೋಗು.

ರಜೆಯಲ್ಲಿ ಆ ಹುಡುಗ ಬೆಟಗೇರಿ ಗ್ಯಾರೇಜಿಗೆ ಹೋಗಲಿ, ನಾನು ಬೇಡ ಅನ್ನಲ್ಲ. ಪಿಸ್ಟನ್, ಕ್ಲಚ್, ಗೇರ್ ಕೈಯಲ್ಲಿ ಹಿಡಿದು ನೋಡಿದವನಿಗೆ ಮುಂದೆ ಎಂಜಿನ್, ಶಾಖದ ಪಾಠ ಇರುವ ಥರ್ಮಲ್ ಪೇಪರ್ ಸುಲಭ. ಕಾಲೇಜು ಬಿಟ್ಟು ಹೋಗುವುದು ಮಾತ್ರ ಬೇಡ.

ಐಟಿಐ ಬಗ್ಗೆ ಕೇಳಿದೆ ಅಲ್ವಾ ತಂಗಿ. ಫಿಟ್ಟರ್, ಟರ್ನರ್, ಮಷಿನಿಸ್ಟ್ ಎರಡು ವರ್ಷದ ಟ್ರೇಡುಗಳು. ಅಲ್ಲಿ ಕೈಕೆಲಸ ಜಾಸ್ತಿ, ಲೆಕ್ಕ ಕಡಿಮೆ. ಅದು ಒಳ್ಳೆಯ ದಾರಿಯೇ. ಐಟಿಐ ಮುಗಿಸಿದವರು ಡಿಪ್ಲೊಮಾದ ಮೂರನೇ ಸೆಮಿಸ್ಟರಿಗೆ ನೇರ ಸೇರಬಹುದು. ಆದರೆ ಇವನು ಈಗಾಗಲೇ ಡಿಪ್ಲೊಮಾದ ಒಳಗಿದ್ದಾನೆ. ಬ್ಯಾಕ್ ಇಟ್ಟುಕೊಂಡೇ ಎರಡನೇ ಸೆಮಿಸ್ಟರ್ ಕ್ಲಾಸಿಗೆ ಕೂರಬಹುದು, ಹಳೆಯ ಪೇಪರ್ ಮತ್ತೆ ಬರೆಯಬಹುದು. ಹಿಂದಕ್ಕೆ ಹೋಗುವ ಅಗತ್ಯ ನನಗೆ ಕಾಣಲ್ಲ.

ರೈಲ್ವೆಯ ಲೆಕ್ಕವನ್ನೂ ಹೇಳಿಬಿಡ್ತೀನಿ, ನಮ್ಮ ಊರಿನಲ್ಲಿ ಎಲ್ಲರೂ ಮೊದಲು ಕೇಳುವುದು ಅದನ್ನೇ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ 1880ರ ದಶಕದ್ದು, ಈಗ ಅಲ್ಲಿ ಬೋಗಿಗಳ ರಿಪೇರಿ ನಡೆಯುತ್ತೆ. ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆಗೆ ಐಟಿಐ ಆದವರೂ ಕೂರಬಹುದು, ಡಿಪ್ಲೊಮಾದವರೂ ಕೂರಬಹುದು. ಜೂನಿಯರ್ ಎಂಜಿನಿಯರ್ ಆಗಿ ನೇರ ಸೇರಬೇಕು ಅಂದರೆ ಕನಿಷ್ಠ ಡಿಪ್ಲೊಮಾ ಬೇಕು. ಏಳನೇ ವೇತನ ಆಯೋಗದಲ್ಲಿ ಮೊದಲನೆಯದಕ್ಕೆ ಮೂಲ ವೇತನ 19,900, ಎರಡನೆಯದಕ್ಕೆ 35,400. ಹುಬ್ಬಳ್ಳಿ ಹುಡುಗರಿಗೆ ಈ ವ್ಯತ್ಯಾಸ ಮೊದಲ ವರ್ಷದಲ್ಲೇ ಗೊತ್ತಿರಬೇಕು.

ಬಿಇ ಮೂರನೇ ಸೆಮ್

ನಾನು ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ಬಿಇ ಸೇರಿದವನು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪರೀಕ್ಷೆ, ಒಳ್ಳೆ ರ‍್ಯಾಂಕ್ ಬಂದರೆ ನೇರ ಎರಡನೇ ವರ್ಷಕ್ಕೆ ಸೀಟು. ಪಿಯುಸಿಯಿಂದ ಬಂದವರಿಗೆ ವರ್ಕ್‌ಶಾಪ್ ಹೊಸದು, ನಮಗೆ ಅದು ಮನೆ ಇದ್ದಂಗೆ. ಆದರೆ ಗಣಿತದಲ್ಲಿ ನಾವು ಹಿಂದೆ. ನಾನು ಡಿಪ್ಲೊಮಾದಲ್ಲಿ ಕ್ಯಾಲ್ಕುಲಸ್ ಬರೀ ಪಾಸಾಗುವಷ್ಟು ಓದಿದ್ದೆ, ಈಗ ಅದರ ಬೆಲೆ ತೆರುತ್ತಿದ್ದೇನೆ. ಡ್ರಾಯಿಂಗ್ ಡಬ್ಬಿಯಿಂದ ಸರಿಹೋಗುತ್ತೆ, ಗಣಿತಕ್ಕೆ ದಿನಾ ಒಂದು ಗಂಟೆ ಬೇಕು. ತ್ರಿಕೋನಮಿತಿ ಮೊದಲು ಗಟ್ಟಿ ಮಾಡಿಕೊಳ್ಳಲಿ, ಅದು ಲೇತ್ ಮೇಲೂ ಬರುತ್ತೆ.

ಲಕ್ಕುಂಡಿ ಅಕ್ಕ

ಎಲ್ಲರಿಗೂ ಕೈಮುಗಿದೆ. ಗುರುಗಳೇ, ಡಬ್ಬಿ ಮಾಡಿದೆವು. ಮೊದಲು ಅವನು ಬರಲ್ಲ ಅಂದ. ನಾನೇ ಸೋಪು ಕೊಯ್ದು ತಪ್ಪು ತಪ್ಪಾಗಿ ಬರೆಯುತ್ತಾ ಕೂತೆ. ನೋಡಿ ನೋಡಿ ತಡೆಯಲಾರದೆ ಬಂದು ಪೆನ್ಸಿಲ್ ಕಿತ್ತುಕೊಂಡ. ನೆಲವನ್ನು ಕೆಳಕ್ಕೆ ಬಿಚ್ಚಿದಾಗ ಒಂದು ನಿಮಿಷ ಸುಮ್ನೆ ನೋಡಿದ. ಆಮೇಲೆ ಅಟ್ಟ ಹತ್ತಿ ಚೀಲ ಇಳಿಸಿದ. ರಾತ್ರಿ ಹನ್ನೊಂದೂವರೆವರೆಗೆ ಮನೆಯಲ್ಲಿದ್ದ ಸಾಮಾನು ಒಂದೊಂದೇ ತಂದಿಟ್ಟು ಮೂರು ನೋಟ ಬರೆದ. ನನ್ನ ಹೊಲಿಗೆ ಮಷೀನಿನ ಬಾಬಿನ್ ಕೇಸನ್ನೂ ಬಿಡಲಿಲ್ಲ.

ನನಗೂ ಒಂದು ತಿಳಿಯಿತು. ಬ್ಲೌಸ್ ಕಟಿಂಗ್ ಅಂದರೂ ಇದೇ ಅಲ್ವಾ? ಮೈಯ ಆಕಾರವನ್ನು ಬಿಚ್ಚಿ ಚಪ್ಪಟೆ ಬಟ್ಟೆ ಮೇಲೆ ಗುರುತು ಹಾಕುವುದು. ಹಾಗಂತ ಅವನಿಗೆ ಹೇಳಿದೆ. ಹೌದು ಅಂದ.

ಬಸ್ಸಿನ ತಾಪತ್ರಯಕ್ಕೆ ಏನು ಮಾಡುವುದು?

ಹಾವೇರಿ ಹುಡುಗಿ

ಅಕ್ಕಾ, ಹುಬ್ಬಳ್ಳಿಯಲ್ಲಿ ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ನಿಮಗೆ ಯಾವುದು ಅನ್ವಯಿಸುತ್ತೋ ಅದಕ್ಕೆ ಅರ್ಜಿ ಹಾಕಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ಊಟ, ವಸತಿಗೆ ಅಂತ ಪ್ರತಿ ತಿಂಗಳು ದುಡ್ಡು ಕೊಡ್ತಾರೆ, ಹತ್ತು ತಿಂಗಳು. ಎಸ್‌ಎಸ್‌ಪಿ ಅನ್ನುವ ರಾಜ್ಯದ ವಿದ್ಯಾರ್ಥಿವೇತನ ತಾಣದಲ್ಲಿ ಅರ್ಜಿ. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ನನ್ನ ಗೆಳತಿಯ ದುಡ್ಡು ಅದೊಂದೇ ಕಾರಣಕ್ಕೆ ಆರು ತಿಂಗಳು ನಿಂತಿತ್ತು.

ಬೇಲೂರು ಶಿಫ್ಟ್

ನಾನು ಸೇರಿಸುವುದು ಒಂದೇ. ಮೂರು ವರ್ಷ ಆದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಮಾಡಲಿ, ತಕ್ಷಣ ಬೆಂಗಳೂರಿಗೆ ಓಡುವುದು ಬೇಡ. 2019ರ ತಿದ್ದುಪಡಿಯಲ್ಲಿ ಡಿಪ್ಲೊಮಾದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 8,000 ಅಂತ ಆಯಿತು. ದುಡ್ಡು ಕಡಿಮೆಯೇ. ಆದರೆ ಆ ಒಂದು ವರ್ಷದಲ್ಲಿ ಶಾಪ್ ಫ್ಲೋರಿನ ಭಾಷೆ ಬರುತ್ತೆ. ಗೋಕುಲ ರೋಡು, ತಾರಿಹಾಳ, ರಾಯಾಪುರ, ಬೇಲೂರು, ಇಷ್ಟರೊಳಗೆ ವಾಲ್ವ್ ಮಾಡುವವರಿಂದ ಹಿಡಿದು ಬಸ್ ಬಾಡಿ ಕಟ್ಟುವವರೆಗೂ ಇದ್ದಾರೆ. ಹುಬ್ಬಳ್ಳಿಯಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಕೂಡ ಇದೆ. ಟೂಲ್ ಅಂಡ್ ಡೈ (ಉಪಕರಣ, ಅಚ್ಚು ಮಾಡುವ ಕೆಲಸ) ಕಡೆ ಮನಸ್ಸಿದ್ದರೆ ಅಲ್ಲಿನ ಚಿಕ್ಕ ಕೋರ್ಸುಗಳನ್ನು ವಿಚಾರಿಸಲಿ.

ಲಕ್ಕುಂಡಿ ಅಕ್ಕ

ಎಂಟು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಮರೆತಿಲ್ಲ. ಹಾಸ್ಟೆಲ್ ಸಿಕ್ಕಿತು. ಡ್ರಾಯಿಂಗ್ ಎರಡನೇ ಸಲಕ್ಕೆ ಪಾಸಾದ, 71 ಬಂದಿದೆ. ಗಣಿತ ಅಂಚಿನಲ್ಲಿ ಪಾಸು. ಈಗ ಮೂರನೇ ಸೆಮಿಸ್ಟರ್. ರಜೆಯಲ್ಲಿ ಗ್ಯಾರೇಜಿಗೂ ಹೋಗಿದ್ದ. ಇವತ್ತು ಫೋನ್ ಮಾಡಿ, "ಆ ಗುರುಗಳನ್ನು ಒಂದು ಮಾತು ಕೇಳಬೇಕು" ಅಂದ. ನಾನು ಕೇಳಲ್ಲ, ನೀನೇ ಕೇಳು ಅಂತ ಇಲ್ಲಿಗೆ ಕಳಿಸಿದ್ದೇನೆ.

ಲಕ್ಕುಂಡಿ ತಮ್ಮ

ಗುರುಗಳಿಗೆ ನಮಸ್ಕಾರ. ನಿಮ್ಮ ಡಬ್ಬಿ ಈಗಲೂ ನನ್ನ ಹತ್ತಿರ ಇದೆ.

ಲೇತ್ ಮೇಲೆ ಟೇಪರ್ ಟರ್ನಿಂಗ್ ಮಾಡುತ್ತಿದ್ದೆ, ಅಂದರೆ ಒಂದು ತುದಿಗೆ ಹೋದಂತೆ ಸಣ್ಣದಾಗುವ ಹಾಗೆ ಕೊಯ್ಯುವುದು. ದಪ್ಪ ತುದಿ 30 ಮಿ.ಮೀ., ಸಣ್ಣ ತುದಿ 20, ಉದ್ದ 50. ಟೂಲ್ ಹಿಡಿದಿರುವ ಕಾಂಪೌಂಡ್ ರೆಸ್ಟ್ ತಿರುಗಿಸಿ ಕಟ್ ತೆಗೆದೆ. ದಪ್ಪ ತುದಿ ಸರಿ ಬಂತು. ಸಣ್ಣ ತುದಿ 20ಕ್ಕೆ ನಿಲ್ಲಬೇಕಿತ್ತು, 10ರ ಹತ್ತಿರ ಹೋಗಿದೆ. ಜಾಬ್ ಕೆಟ್ಟಿತು. ಇನ್ನೊಂದು ತುಂಡು ಕೊಟ್ಟಿದ್ದಾರೆ, ನಾಳೆ ಲ್ಯಾಬ್. ಮತ್ತೆ ಕೆಡಿಸಲಿಕ್ಕೆ ಭಯ ಆಗ್ತಿದೆ.

ಬಿಇ ಮೂರನೇ ಸೆಮ್

ಎಷ್ಟು ಡಿಗ್ರಿ ಇಟ್ಟಿದ್ದೆ?

ಲಕ್ಕುಂಡಿ ತಮ್ಮ

ಹನ್ನೊಂದೂವರೆಗೆ ಸ್ವಲ್ಪ ಕಡಿಮೆ ಅಣ್ಣಾ. ಪೂರ್ತಿ ಕೋನ ಅಷ್ಟೇ ಬರುತ್ತೆ ಲೆಕ್ಕದಲ್ಲಿ.

ಬಿಇ ಮೂರನೇ ಸೆಮ್

ಅಲ್ಲೇ ತಪ್ಪಿದ್ದು. ಟೂಲ್ ಒಂದು ಬದಿಯಿಂದ ಮಾತ್ರ ಕೊಯ್ಯುತ್ತೆ, ಜಾಬ್ ತಿರುಗುವುದರಿಂದ ಎರಡೂ ಬದಿ ಸವೆಯುತ್ತೆ. ಅದಕ್ಕೆ ಅರ್ಧ ಕೋನವೇ ಇಡಬೇಕು. 30ರಲ್ಲಿ 20 ಕಳೆ, 10. ಅದನ್ನು ಉದ್ದದ ಎರಡು ಪಟ್ಟು, ಅಂದರೆ 100ರಿಂದ ಭಾಗಿಸು. 0.1 ಬಂತು. ಯಾವ ಕೋನದ ಟ್ಯಾನ್ 0.1? 5 ಡಿಗ್ರಿ 42 ನಿಮಿಷ, ಹೆಚ್ಚುಕಡಿಮೆ. ನೀನು ಎರಡು ಪಟ್ಟು ಇಟ್ಟೆ, ಅದಕ್ಕೇ 10 ಮಿ.ಮೀ. ಬದಲು 20 ಮಿ.ಮೀ. ಇಳಿಯಿತು.

ಲಕ್ಕುಂಡಿ ತಮ್ಮ

ಅಯ್ಯೋ ಹೌದು. ಲೆಕ್ಕ ಈಗ ಕಾಣಿಸಿತು. ಆದರೆ ನಮ್ಮ ಲೇತಿನಲ್ಲಿ ಡಿಗ್ರಿ ಗೆರೆ ಮಾತ್ರ ಇದೆ, ಅದೂ ಮಾಸಿದೆ. 42 ನಿಮಿಷ ಹೇಗೆ ಇಡುವುದು ಗುರುಗಳೇ?

ಹಳೇ ಹುಬ್ಬಳ್ಳಿ ಮೇಷ್ಟ್ರು

ಗೆರೆಯಿಂದ ಯಾರೂ ಇಡಲ್ಲ ತಮ್ಮಾ. ಐದೂವರೆಯ ಆಸುಪಾಸಿಗೆ ತಿರುಗಿಸಿ ಬೋಲ್ಟ್ ಬಿಗಿ ಮಾಡು. ಅಳತೆಗೆ ಇನ್ನೂ ಮಾಲು ಜಾಸ್ತಿ ಇರುವಾಗಲೇ ಹಗುರವಾಗಿ ಒಂದು ಕಟ್ ತೆಗೆ. ಆಮೇಲೆ ಟೇಪರಿನ ಮೇಲೆ 25 ಮಿ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ ಎರಡೂ ಕಡೆ ವ್ಯಾಸ ಅಳೆ. 50ಕ್ಕೆ 10 ಇಳಿಯಬೇಕು ಅಂದರೆ 25ಕ್ಕೆ 5 ಇಳಿಯಬೇಕು. ಕಡಿಮೆ ಬಂದರೆ ಬೋಲ್ಟ್ ಸ್ವಲ್ಪ ಸಡಿಲಿಸಿ, ಮರದ ಸುತ್ತಿಗೆಯಿಂದ ಒಂದು ಕೂದಲೆಳೆಯಷ್ಟು ತಟ್ಟಿ, ಮತ್ತೆ ಬಿಗಿಮಾಡಿ, ಮತ್ತೆ ಕಟ್ ತೆಗೆ. ಕೋನ ಸರಿಯಾದ ಮೇಲೆ ಅಳತೆಗೆ ಇಳಿಸು.

ಅದಕ್ಕೂ ಮೊದಲು ಟೂಲಿನ ತುದಿ ಸೆಂಟರಿಗೆ ಸರಿಯಾಗಿದೆಯಾ ನೋಡು. ಲೇತಿನ ಆಚೆ ತುದಿಯ ಟೇಲ್ ಸ್ಟಾಕಿನ ಸೆಂಟರ್ (ಮೊನೆ) ಹತ್ತಿರ ತಂದು ತುದಿಗೆ ತುದಿ ತಾಳೆ ಮಾಡು. ಟೂಲ್ ಮೇಲಿದ್ದರೂ ಕೆಳಗಿದ್ದರೂ ಟೇಪರ್ ನೇರ ಬರಲ್ಲ. ಮಾಪಕ ಹಿಡಿಯುವ ಮೊದಲು ಮಷೀನ್ ಪೂರ್ತಿ ನಿಲ್ಲಲಿ. ಜಾಬ್ ಹಿಡಿಯುವ ಚಕ್ಕನ್ನು ಬಿಗಿ ಮಾಡುವ ಕೀ ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಬೇಡ, ಅದು ಹಾರಿ ಬಂದು ಹಲ್ಲು ಮುರಿದದ್ದನ್ನು ನಾನು ನೋಡಿದ್ದೇನೆ. ಕೆಟ್ಟ ಜಾಬ್ ಬಿಸಾಡಬೇಡ. ಅದರ ಮೇಲೆ ಕೋನ ಬರೆದು ಇಟ್ಟುಕೋ.

ಲಕ್ಕುಂಡಿ ತಮ್ಮ

ಗುರುಗಳೇ, ಇವತ್ತು ಲ್ಯಾಬ್ ಮುಗಿಯಿತು. ಮೊದಲ ಕಟ್ಟಿಗೆ 25 ಮಿ.ಮೀ.ಗೆ 4.82 ಇಳಿದಿತ್ತು. ತಟ್ಟಿದೆ, 4.90. ಇನ್ನೊಂದು ಸಲ ತಟ್ಟಿದೆ, 4.98. ಅಲ್ಲಿಗೆ ಬಿಟ್ಟೆ. ಸಣ್ಣ ತುದಿ 20.04 ಬಂದಿದೆ. ಪಕ್ಕದ ಬ್ಯಾಚಿನವರೂ ಬಂದು ಹೇಗೆ ಇಟ್ಟೆ ಅಂತ ಕೇಳಿದರು, ತೋರಿಸಿದೆ. ಕೆಟ್ಟ ಜಾಬಿನ ಮೇಲೆ 11½ ಅಂತ ಕೊರೆದು ಹಾಸ್ಟೆಲ್ ಕಿಟಕಿಯಲ್ಲಿ ಇಟ್ಟಿದ್ದೇನೆ. ಮುಂದಿನ ವಾರ ಥ್ರೆಡ್ ಕಟಿಂಗ್ ಇದೆ.

ಹಳೇ ಹುಬ್ಬಳ್ಳಿ ಮೇಷ್ಟ್ರು

ಥ್ರೆಡ್ಡಿಗೆ ಮೊದಲು, ಟೂಲನ್ನು ಸರಿಸುವ ಲೀಡ್ ಸ್ಕ್ರೂ ಪಿಚ್ (ಎಳೆಯಿಂದ ಎಳೆಗೆ ಅಂತರ) ಎಷ್ಟು ಅಂತ ನಿಮ್ಮ ಲೇತ್ ಮೇಲೆ ನೋಡಿಕೊಂಡು ಬಂದು ಇಲ್ಲಿ ಬರೆ. ಗೇರಿನ ಲೆಕ್ಕ ಅಲ್ಲಿಂದ ಶುರು ಮಾಡೋಣ.